ವರ್ಚುವಲ್ ಯಂತ್ರಗಳ ಗಡಿಯಾರದಲ್ಲಿನ ವ್ಯತ್ಯಾಸ ಮತ್ತು ಅದರ ನಿವಾರಣೆ: ಆನ್‌ಲೈನ್ ಅರ್ಜಿದಾರರ ತಿಳುವಳಿಕೆಗಾಗಿ

ಪೀಠಿಕೆ

ಸಾರ್ವಜನಿಕರು ಅಂತರ್ಜಾಲದ ಮೂಲಕ ಸಲ್ಲಿಸುವ ಅರ್ಜಿಗಳಿಗೆ ನೀಡಲಾಗುವ ಸ್ವೀಕೃತಿಯಲ್ಲಿ ದಿನಾಂಕ ಮತ್ತು ವೇಳೆ ನಮೂದಾಗಿರುತ್ತವೆ. ಈ ವೇಳೆಯು ಅರ್ಜಿದಾರರ ಕೈಗಡಿಯಾರದ್ದಾಗಲೀ, ಸೇವಾ ಕೇಂದ್ರದ ಗಣಕಯಂತ್ರದ್ದಾಗಲೀ ಆಗಿರುವುದಿಲ್ಲ. ಅರ್ಜಿಯನ್ನು ಸ್ವೀಕರಿಸಿದ ಸರ್ವರ್‌ನ ಗಡಿಯಾರದ್ದಾಗಿರುತ್ತದೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 13ನೇ ಪ್ರಕರಣದ ಪ್ರಕಾರ, ವಿದ್ಯುನ್ಮಾನ ದಾಖಲೆಗಳನ್ನು ಸ್ವೀಕರಿಸಲು ಗೊತ್ತುಪಡಿಸಿದ ಗಣಕ ವ್ಯವಸ್ಥೆ ಇದ್ದಲ್ಲಿ, ದಾಖಲೆಯು ಆ ವ್ಯವಸ್ಥೆಯನ್ನು ಪ್ರವೇಶಿಸಿದ ವೇಳೆಯೇ ಅದು ಸ್ವೀಕೃತವಾದ ವೇಳೆ. ಉಭಯ ಪಕ್ಷದವರು ಬೇರೆ ರೀತಿ ಒಪ್ಪಿಕೊಂಡಿದ್ದರೆ ಮಾತ್ರ ಇದಕ್ಕೆ ವಿನಾಯಿತಿ ಇರುತ್ತದೆ.

ಕೊನೆಯ ದಿನಾಂಕದಂದು ಸಂಜೆ 5.00 ಗಂಟೆಗೆ ಮುಕ್ತಾಯವಾಗುವ ಅರ್ಜಿಯೊಂದನ್ನು 4 ಗಂಟೆ 58 ನಿಮಿಷಕ್ಕೆ ಸಲ್ಲಿಸಿದ ವ್ಯಕ್ತಿಗೆ, ಸರ್ವರ್‌ನ ಗಡಿಯಾರ ಐದು ನಿಮಿಷ ಮುಂದಿದ್ದಲ್ಲಿ, ಅವಧಿ ಮುಗಿದಿದೆ ಎಂಬ ಉತ್ತರ ದೊರೆಯುತ್ತದೆ. ಇದೇ ಗಡಿಯಾರ ಹಿಂದಿದ್ದಲ್ಲಿ ಅವಧಿ ಮೀರಿದ ಅರ್ಜಿಯೂ ಸ್ವೀಕೃತವಾಗುತ್ತದೆ. ಮುಂದೆ ಪರಿಶೀಲನೆಯ ಹಂತದಲ್ಲಿ ತಕರಾರು ಏಳುತ್ತದೆ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಅಡಿಯಲ್ಲಿ ನಿಗದಿತ ದಿನಗಳನ್ನು ಅರ್ಜಿ ಸ್ವೀಕೃತವಾದ ದಿನಾಂಕವನ್ನು ಆಧರಿಸಿ ಎಣಿಸಲಾಗುತ್ತದೆ. ಮಧ್ಯರಾತ್ರಿಯ ಆಸುಪಾಸಿನಲ್ಲಿ ಗಡಿಯಾರ ಎರಡು ನಿಮಿಷ ತಪ್ಪಿದರೂ ಸ್ವೀಕೃತಿಯ ದಿನಾಂಕವೇ ಬದಲಾಗುತ್ತದೆ.

ಇಂದು ಇಂತಹ ಬಹುತೇಕ ಸೇವೆಗಳು ವರ್ಚುವಲ್ ಯಂತ್ರಗಳಲ್ಲಿ ನಡೆಯುತ್ತಿವೆ. ಗೋಡೆಯ ಗಡಿಯಾರ ಹಾಗೂ ಸಾಮಾನ್ಯ ಗಣಕಯಂತ್ರದ ಗಡಿಯಾರಕ್ಕಿಲ್ಲದ ಕೆಲವು ತೊಂದರೆಗಳು ವರ್ಚುವಲ್ ಯಂತ್ರದ ಗಡಿಯಾರಕ್ಕಿವೆ. ಅವುಗಳ ಕಾರಣ ಮತ್ತು ಪರಿಹಾರವನ್ನು ಅರ್ಜಿದಾರರು, ಸೇವಾ ಕೇಂದ್ರಗಳ ನಿರ್ವಾಹಕರು ಹಾಗೂ ತಾಂತ್ರಿಕ ಸಿಬ್ಬಂದಿಯ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಅತಿಥಿ ಯಂತ್ರಕ್ಕೆ ಸ್ವಂತ ಗಡಿಯಾರವಿಲ್ಲ

ಒಂದು ದೊಡ್ಡ ಗಣಕಯಂತ್ರದ ಸಾಮರ್ಥ್ಯವನ್ನು ತಂತ್ರಾಂಶದ ಮೂಲಕ ಹಂಚಿ, ಅದರೊಳಗೆ ಹಲವು ಸ್ವತಂತ್ರ ಯಂತ್ರಗಳಿರುವಂತೆ ನಡೆಸುವ ವ್ಯವಸ್ಥೆಯೇ ವರ್ಚುವಲ್ ಯಂತ್ರ ವ್ಯವಸ್ಥೆ. ಮೂಲ ಯಂತ್ರವನ್ನು ಆತಿಥೇಯ ಯಂತ್ರವೆಂದೂ, ಒಳಗಿನ ಪ್ರತಿಯೊಂದು ಯಂತ್ರವನ್ನು ಅತಿಥಿ ಯಂತ್ರವೆಂದೂ, ಹಂಚಿಕೆ ಮಾಡುವ ತಂತ್ರಾಂಶವನ್ನು ಹೈಪರ್‌ವೈಸರ್ ಎಂದೂ ಕರೆಯಲಾಗುತ್ತದೆ. ವಿಎಂವೇರ್, ಹೈಪರ್-ವಿ, ಕೆವಿಎಂ ಹಾಗೂ ಝೆನ್ ಈ ಬಗೆಯ ಪ್ರಚಲಿತ ತಂತ್ರಾಂಶಗಳಾಗಿವೆ.

ಗಣಕಯಂತ್ರವು ವೇಳೆಯನ್ನು ತಿಳಿಯುವ ಹಳೆಯ ವಿಧಾನವೆಂದರೆ ಎಣಿಕೆ. ಯಂತ್ರಾಂಶದ ಟೈಮರ್ ಒಂದೇ ಅಂತರದಲ್ಲಿ ಸಂಕೇತ ನೀಡುತ್ತಿರುತ್ತದೆ; ಕಾರ್ಯನಿರ್ವಹಣಾ ತಂತ್ರಾಂಶವು ಆ ಸಂಕೇತಗಳನ್ನು ಎಣಿಸಿ ವೇಳೆಯನ್ನು ಲೆಕ್ಕ ಹಾಕುತ್ತದೆ. ಈ ಸಂಕೇತಕ್ಕೆ ಟಿಕ್ ಎಂದು ಹೆಸರು. ಲಿನಕ್ಸ್ 2.4 ಆವೃತ್ತಿಯು ಸಾಮಾನ್ಯವಾಗಿ ಸೆಕೆಂಡಿಗೆ 100 ಟಿಕ್‌ಗಳನ್ನೂ, 2.6 ಆವೃತ್ತಿಯು ಅದರ ಆರಂಭದ ವರ್ಷಗಳಲ್ಲಿ ಸೆಕೆಂಡಿಗೆ 1000 ಟಿಕ್‌ಗಳನ್ನೂ ಬಳಸುತ್ತಿದ್ದವು. ವಿಂಡೋಸ್‌ನಲ್ಲಿ ಸೆಕೆಂಡಿಗೆ 64 ಟಿಕ್‌ಗಳೆಂಬ ಗತಿ ಸಾಮಾನ್ಯವಾಗಿದೆ.

ಹಿಂದೆ ಜಿಲ್ಲಾ ಖಜಾನೆಗಳಲ್ಲಿ ಪಹರೆಯವರು ಗಂಟೆಗೊಮ್ಮೆ ಗಂಟೆ ಬಾರಿಸುವ ಪದ್ಧತಿ ಇತ್ತು. ಕಿಟಕಿಯಿಲ್ಲದ ಕೋಣೆಯಲ್ಲಿ ಕುಳಿತ ಗುಮಾಸ್ತನೊಬ್ಬನು ಕೇವಲ ಆ ಗಂಟೆಗಳನ್ನು ಎಣಿಸಿ ವೇಳೆ ಬರೆದಿಡುತ್ತಾನೆಂದು ಭಾವಿಸಬಹುದು. ಅವನು ಎರಡು ತಾಸು ನಿದ್ರೆ ಹೋದರೆ ಅವನ ಪುಸ್ತಕದಲ್ಲಿ ಆ ಎರಡು ತಾಸುಗಳೇ ಇರುವುದಿಲ್ಲ, ಮತ್ತು ತಾನು ನಿದ್ರಿಸಿದ್ದು ಅವನಿಗೆ ತಿಳಿಯುವುದೂ ಇಲ್ಲ. ಅತಿಥಿ ಯಂತ್ರದ ಸ್ಥಿತಿ ಹೀಗೆಯೇ ಇದೆ. ಹೈಪರ್‌ವೈಸರ್ ಪ್ರೊಸೆಸರನ್ನು ಒಂದು ಅತಿಥಿಯಿಂದ ಹಿಂಪಡೆದು ಮತ್ತೊಂದಕ್ಕೆ ಕೊಟ್ಟಾಗ ಮೊದಲನೆಯದು ನಿಂತಿರುತ್ತದೆ. ಆ ಅವಧಿಯ ಟಿಕ್‌ಗಳು ಅದಕ್ಕೆ ಆಗಲೇ ತಲುಪುವುದಿಲ್ಲ.

ಒಂದೇ ಆತಿಥೇಯ ಯಂತ್ರದಲ್ಲಿ ಸೆಕೆಂಡಿಗೆ 1000 ಟಿಕ್ ಬೇಡುವ 20 ಅತಿಥಿಗಳಿದ್ದರೆ, ಯಾವ ಕೆಲಸವೂ ಇಲ್ಲದಾಗಲೂ ಸೆಕೆಂಡಿಗೆ 20,000 ಟಿಕ್‌ಗಳನ್ನು ತಲುಪಿಸಬೇಕಾಗುತ್ತದೆ. ಸಾವಿರಕ್ಕೆ ಒಂದು ಟಿಕ್ ಮಾತ್ರ ಕಳೆದುಹೋದರೂ ದಿನವೊಂದಕ್ಕೆ 86 ಸೆಕೆಂಡುಗಳಷ್ಟು, ಐದು ಕಳೆದುಹೋದರೆ 7 ನಿಮಿಷ 12 ಸೆಕೆಂಡುಗಳಷ್ಟು ಗಡಿಯಾರ ಹಿಂದೆ ಬೀಳುತ್ತದೆ. ಟಿಕ್‌ಗಳು ಕಳೆಯುವುದು ಯಂತ್ರದ ಮೇಲೆ ಹೊರೆ ಹೆಚ್ಚಿದಾಗ. ಅರ್ಜಿಗಳ ಹೊರೆ ಅತಿ ಹೆಚ್ಚಾಗುವುದು ಕೊನೆಯ ದಿನದ ಕೊನೆಯ ಗಂಟೆಯಲ್ಲಿ. ಆದ್ದರಿಂದ, ಟಿಕ್ ಎಣಿಸುವ ಅತಿಥಿ ಯಂತ್ರದ ಗಡಿಯಾರವು ತಿಂಗಳೆಲ್ಲ ಸರಿಯಿದ್ದು, ವೇಳೆ ನಿಜಕ್ಕೂ ಮುಖ್ಯವಾದ ಆ ಒಂದು ಗಂಟೆಯಲ್ಲಿಯೇ ತಪ್ಪುವ ಸಂಭವವಿರುತ್ತದೆ.

ವ್ಯತ್ಯಾಸದ ಲಕ್ಷಣಗಳು

ಗಡಿಯಾರ ಎಷ್ಟು ತಪ್ಪಿದೆ ಎಂಬುದಕ್ಕಿಂತ ಯಾವ ರೀತಿಯಲ್ಲಿ ತಪ್ಪಿದೆ ಎಂಬುದು ಕಾರಣವನ್ನು ತಿಳಿಸುತ್ತದೆ.

ನಿಧಾನವಾಗಿ, ಹೊರೆಗೆ ತಕ್ಕಂತೆ ಹಿಂದೆ ಬೀಳುವ ಗಡಿಯಾರವು ಟಿಕ್‌ಗಳನ್ನು ಕಳೆದುಕೊಳ್ಳುತ್ತಿದೆ. ಗಡಿಯಾರ ಮುಂದೆ ಓಡುವುದು ಮೊದಲಿಗೆ ವಿಚಿತ್ರವೆನಿಸಬಹುದು. ಕಳೆದ ಟಿಕ್‌ಗಳನ್ನು ಹೈಪರ್‌ವೈಸರ್ ಲೆಕ್ಕವಿಟ್ಟು, ಅತಿಥಿಗೆ ಸರದಿ ಬಂದಾಗ ಒಂದರ ಹಿಂದೊಂದು ವೇಗವಾಗಿ ತಲುಪಿಸಿ ಬಾಕಿ ತೀರಿಸುತ್ತದೆ. ಕೆಲವು ಹಳೆಯ ಲಿನಕ್ಸ್ ಆವೃತ್ತಿಗಳು ಪ್ರೊಸೆಸರಿನ ಎಣಿಕೆಯನ್ನು ನೋಡಿ, ಟಿಕ್ ಕಳೆದಿದೆ ಎಂದು ತಾವೇ ಊಹಿಸಿ ಅದನ್ನು ಕೂಡಿಸಿಕೊಳ್ಳುತ್ತಿದ್ದವು. ಹೀಗೆ ಒಂದೇ ಬಾಕಿ ಎರಡು ಬಾರಿ ಪಾವತಿಯಾಗಿ ಗಡಿಯಾರ ಮುಂದೆ ಹೋಗುತ್ತಿತ್ತು.

ಒಮ್ಮೆಲೇ ಗಂಟೆಗಟ್ಟಲೆ ಅಥವಾ ದಿನಗಟ್ಟಲೆ ಹಿಂದಿರುವ ಗಡಿಯಾರವು, ಯಂತ್ರವನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಮತ್ತೆ ಆರಂಭಿಸಿರುವುದನ್ನು ಅಥವಾ ಸ್ನ್ಯಾಪ್‌ಶಾಟ್ ಎನ್ನುವ ಹಳೆಯ ಪ್ರತಿಗೆ ಮರಳಿಸಿರುವುದನ್ನು ಸೂಚಿಸುತ್ತದೆ. ಇಂತಹ ಯಂತ್ರವು ತಾನು ನಿಂತ ಕ್ಷಣದಿಂದಲೇ ಎಣಿಕೆಯನ್ನು ಮುಂದುವರಿಸುತ್ತದೆ.

ಸರಿಯಾಗಿ 5 ಗಂಟೆ 30 ನಿಮಿಷಗಳ ವ್ಯತ್ಯಾಸ ಕಂಡುಬಂದಲ್ಲಿ ಟಿಕ್‌ಗಳನ್ನು ದೂರಬೇಕಾಗಿಲ್ಲ. ಭಾರತೀಯ ಕಾಲಮಾನವು ಅಂತರರಾಷ್ಟ್ರೀಯ ಸಮನ್ವಿತ ಕಾಲಮಾನಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಯಂತ್ರಾಂಶದ ಗಡಿಯಾರದಲ್ಲಿ ಸ್ಥಳೀಯ ವೇಳೆ ಇರುತ್ತದೆಂದು ವಿಂಡೋಸ್ ಭಾವಿಸುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಸಮನ್ವಿತ ವೇಳೆ ಇರುತ್ತದೆಂದು ಭಾವಿಸುತ್ತದೆ. ಅತಿಥಿ ಯಂತ್ರವನ್ನು ರಚಿಸುವಾಗ ಈ ಆಯ್ಕೆ ತಪ್ಪಿದರೆ ಪ್ರತಿ ಬಾರಿ ಯಂತ್ರವನ್ನು ಆರಂಭಿಸಿದಾಗಲೂ ಈ ವ್ಯತ್ಯಾಸ ಮರುಕಳಿಸುತ್ತದೆ. ಕೆವಿಎಂನಲ್ಲಿ ಇದು ಅತಿಥಿಯ ವಿವರಣೆಯಲ್ಲಿನ ಒಂದು ಸಾಲಿನ ತಿದ್ದುಪಡಿ. ಆದರೂ ಕೈಯಿಂದ ವೇಳೆ ತಿದ್ದಿ, ಮರುದಿನ ಮತ್ತೆ ತಿದ್ದುವ ಅಭ್ಯಾಸ ಹಲವೆಡೆ ಕಂಡುಬರುತ್ತದೆ.

ಸಾರ್ವಜನಿಕರ ಕಣ್ಣಿಗೆ ಬೀಳುವ ಲಕ್ಷಣಗಳೂ ಇವೆ. ಶುಲ್ಕ ಪಾವತಿಯ ವೇಳೆಯು ಅರ್ಜಿಯ ವೇಳೆಗಿಂತ ಮುಂಚಿನದಾಗಿರುವುದು, ಸ್ವೀಕೃತಿಯಲ್ಲಿ ಒಂದು ವೇಳೆ ಮತ್ತು ಅರ್ಜಿಯ ಸ್ಥಿತಿಗತಿ ಪುಟದಲ್ಲಿ ಇನ್ನೊಂದು ವೇಳೆ ಇರುವುದು, ಇವು ಸೇವೆಯ ಎರಡು ಭಾಗಗಳು ಎರಡು ಅತಿಥಿ ಯಂತ್ರಗಳಲ್ಲಿದ್ದು ಅವುಗಳ ಗಡಿಯಾರಗಳು ಹೊಂದುತ್ತಿಲ್ಲವೆಂಬುದರ ಕುರುಹು. ಸಿಬ್ಬಂದಿಯ ಲಾಗಿನ್ ಕಾರಣವಿಲ್ಲದೆ ವಿಫಲವಾಗುವುದು ಮತ್ತೊಂದು ಕುರುಹು: ವಿಂಡೋಸ್ ಡೊಮೇನ್‌ಗಳಲ್ಲಿ ಬಳಸುವ ಕೆರ್ಬೆರೋಸ್ ವ್ಯವಸ್ಥೆಯು ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಒಪ್ಪುವುದಿಲ್ಲ. ಮೊಬೈಲ್ ತಂತ್ರಾಂಶವು 30 ಸೆಕೆಂಡಿಗೊಮ್ಮೆ ಬದಲಿಸುವ ಗುಪ್ತಸಂಖ್ಯೆಗೂ ಗಡಿಯಾರ ಸರಿಯಿರಬೇಕು. ಎಸ್.ಎಂ.ಎಸ್. ಮೂಲಕ ಬರುವ ಒ.ಟಿ.ಪಿ.ಗೆ ಅರ್ಜಿದಾರರ ಮೊಬೈಲಿನ ಗಡಿಯಾರದೊಡನೆ ಸಂಬಂಧವಿರುವುದಿಲ್ಲ.

ಸರಿಪಡಿಸುವ ಕ್ರಮ

ಸಾಮಾನ್ಯವಾಗಿ ನೀಡಲಾಗುವ ಸಲಹೆ ಎಂದರೆ ಅತಿಥಿ ಯಂತ್ರದಲ್ಲಿ ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್, ಅಂದರೆ ಎನ್.ಟಿ.ಪಿ. ತಂತ್ರಾಂಶವನ್ನು ಅಳವಡಿಸುವುದು. ಸಲಹೆ ಸರಿಯಾದರೂ ಅದು ಮೊದಲ ಹೆಜ್ಜೆಯಲ್ಲ. ಎನ್.ಟಿ.ಪಿ.ಡಿ. ಎಂಬ ಬಹುಕಾಲ ಬಳಕೆಯಲ್ಲಿದ್ದ ತಂತ್ರಾಂಶವು ಗಡಿಯಾರದ ಗತಿಯನ್ನು ಹತ್ತು ಲಕ್ಷಕ್ಕೆ 500 ಪಾಲಿನಷ್ಟು ಮಾತ್ರ ಹೆಚ್ಚಿಸಬಲ್ಲದು ಅಥವಾ ತಗ್ಗಿಸಬಲ್ಲದು. ಅಂದರೆ ದಿನಕ್ಕೆ ಸುಮಾರು 43 ಸೆಕೆಂಡು. ಸಾವಿರಕ್ಕೆ ಒಂದು ಟಿಕ್ ಕಳೆಯುವ ಅತಿಥಿಯು ದಿನಕ್ಕೆ 86 ಸೆಕೆಂಡು ಹಿಂದೆ ಬೀಳುವುದರಿಂದ, ಗತಿ ತಿದ್ದುವುದರಿಂದ ಅದನ್ನು ಹಿಡಿಯಲಾಗದು. ಗಡಿಯಾರವನ್ನು ಆಗಾಗ್ಗೆ ಜಿಗಿಸುತ್ತಲೇ ಇರಬೇಕಾಗುತ್ತದೆ. ಆದ್ದರಿಂದ ಸೋರಿಕೆಯನ್ನು ಮೊದಲು ನಿಲ್ಲಿಸತಕ್ಕದ್ದು.

ಇದಕ್ಕಾಗಿ ಆತಿಥೇಯ ಯಂತ್ರದ ಗಡಿಯಾರವನ್ನು ವಿಶ್ವಾಸಾರ್ಹ ಮೂಲದೊಡನೆ ಹೊಂದಿಸಿ, ಬಳಿಕ ಅತಿಥಿಯು ವೇಳೆಯನ್ನು ಎಲ್ಲಿಂದ ಓದುತ್ತಿದೆ ಎಂಬುದನ್ನು ಪರಿಶೀಲಿಸಬೇಕು. ಟಿಕ್ ಎಣಿಸುವ ಪದ್ಧತಿಗೆ ಬದಲಾಗಿ, ಹೈಪರ್‌ವೈಸರ್ ತಾನೇ ವೇಳೆಯನ್ನು ಹಂಚಿಕೆಯ ಸ್ಮೃತಿಪುಟವೊಂದರಲ್ಲಿ ಬರೆದಿಟ್ಟು, ಅತಿಥಿಯು ಅದನ್ನು ಓದಿಕೊಳ್ಳುವ ವ್ಯವಸ್ಥೆ ಈಗ ಲಭ್ಯವಿದೆ. ಕೆವಿಎಂನಲ್ಲಿ ಇದಕ್ಕೆ ಕೆವಿಎಂ-ಕ್ಲಾಕ್ ಎಂದು ಹೆಸರು. ಝೆನ್ ಮತ್ತು ಹೈಪರ್-ವಿಗಳಲ್ಲಿಯೂ ಇದಕ್ಕೆ ಸಮಾನವಾದ ವ್ಯವಸ್ಥೆಗಳಿವೆ. ಗುಮಾಸ್ತನ ಕೋಣೆಗೆ ಕಿಟಕಿಯೊಂದನ್ನು ಇರಿಸಿ, ಹೊರಗಿನ ಗಡಿಯಾರ ಕಾಣುವಂತೆ ಮಾಡಿದ ಹಾಗೆ. ಎಷ್ಟು ಹೊತ್ತು ನಿದ್ರಿಸಿದ್ದರೂ ಎಚ್ಚರವಾದಾಗ ನೋಡಿದರೆ ಸಾಕು. ಲಿನಕ್ಸ್‌ನಲ್ಲಿ ಪ್ರಸ್ತುತ ಬಳಕೆಯಲ್ಲಿರುವ ಕ್ಲಾಕ್‌ಸೋರ್ಸ್ ಯಾವುದೆಂಬುದನ್ನು ಸಿಸ್ಟಮ್ ಕಡತದಲ್ಲಿ ಓದಿ ತಿಳಿಯಬಹುದು.

ಬದಲಿಸಲಾಗದ ಹಳೆಯ ಅತಿಥಿಗಳಲ್ಲಿ ಟಿಕ್‌ಗಳ ಸಂಖ್ಯೆಯನ್ನು ತಗ್ಗಿಸುವುದು ಪರಿಹಾರ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನ 5ನೇ ಆವೃತ್ತಿಯಲ್ಲಿ ಡಿವೈಡರ್ 10 ಎಂಬ ಆರಂಭ ಸೂಚನೆಯಿಂದ ಸೆಕೆಂಡಿಗೆ 1000 ಇದ್ದ ಟಿಕ್‌ಗಳನ್ನು 100ಕ್ಕೆ ಇಳಿಸಲಾಗುತ್ತಿತ್ತು. ವಿಂಡೋಸ್ ಅತಿಥಿಗಳಿಗೆ ಕೆವಿಎಂನಲ್ಲಿ, ಕಳೆದ ಟಿಕ್‌ಗಳನ್ನು ಹಿಡಿದು ತಲುಪಿಸುವ ಕ್ಯಾಚ್-ಅಪ್ ನೀತಿಯನ್ನು ಟೈಮರ್‌ಗೆ ನಿಗದಿಪಡಿಸಬಹುದಾಗಿದೆ. ಇಷ್ಟಾದ ಮೇಲೂ ವ್ಯತ್ಯಾಸ ಮುಂದುವರಿದಲ್ಲಿ ಆತಿಥೇಯ ಯಂತ್ರದ ಮೇಲೆ ಅದರ ಶಕ್ತಿಗೆ ಮೀರಿದ ಅತಿಥಿಗಳನ್ನು ಹೇರಲಾಗಿದೆಯೆಂದೇ ತಿಳಿಯಬೇಕು. ಆಗ ತಂತ್ರಾಂಶದ ತಿದ್ದುಪಡಿಯಿಂದ ಪ್ರಯೋಜನವಿಲ್ಲ.

ಈ ಹಂತದ ನಂತರವೇ ಎನ್.ಟಿ.ಪಿ. ಅಳವಡಿಕೆ. ಲಿನಕ್ಸ್ ಅತಿಥಿಗಳಿಗೆ ಕ್ರೋನಿ ತಂತ್ರಾಂಶವು ಹೆಚ್ಚು ಸೂಕ್ತ, ಎನ್.ಟಿ.ಪಿ.ಡಿ.ಗಿಂತ ಬಹಳ ವೇಗವಾಗಿ ಗತಿಯನ್ನು ತಿದ್ದಬಲ್ಲದು. ಇಲ್ಲಿ ಎರಡು ವಿಧಾನಗಳ ವ್ಯತ್ಯಾಸವನ್ನು ಅರಿಯುವುದು ಅಗತ್ಯ. ಗಡಿಯಾರದ ಗತಿಯನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಿ ಕ್ರಮೇಣ ಸರಿ ವೇಳೆಗೆ ತರುವುದು ಒಂದು ವಿಧಾನ. ಒಮ್ಮೆಲೇ ಸರಿ ವೇಳೆಗೆ ಜಿಗಿಸುವುದು ಇನ್ನೊಂದು. ಅರ್ಜಿಗಳನ್ನು ಸ್ವೀಕರಿಸುತ್ತಿರುವ ಯಂತ್ರದಲ್ಲಿ ಗಡಿಯಾರವನ್ನು ಹಿಂದಕ್ಕೆ ಜಿಗಿಸಬಾರದು. ಹಾಗೆ ಮಾಡಿದರೆ ಒಂದೇ ವೇಳೆ ಎರಡು ಬಾರಿ ಬರುತ್ತದೆ. ನಂತರ ಬಂದ ಅರ್ಜಿಯು ಮೊದಲು ಬಂದುದೆಂದು ದಾಖಲಾಗುತ್ತದೆ. ಮೊದಲು ಬಂದವರಿಗೆ ಆದ್ಯತೆ ಎಂಬ ನಿಯಮವಿರುವ ಯೋಜನೆಗಳಲ್ಲಿ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಆದ ಕಾರಣ ಜಿಗಿಸುವಿಕೆಯನ್ನು ಯಂತ್ರದ ಆರಂಭಕ್ಕೆ ಸೀಮಿತಗೊಳಿಸಲಾಗುತ್ತದೆ. ಆರಂಭದ 3 ಅಳತೆಗಳಲ್ಲಿ ವ್ಯತ್ಯಾಸವು 1 ಸೆಕೆಂಡನ್ನು ಮೀರಿದರೆ ಮಾತ್ರ ಜಿಗಿಸುವಂತೆ ಕ್ರೋನಿಗೆ ಸೂಚನೆ ನೀಡುವುದು ಸಾಮಾನ್ಯ ಕ್ರಮವಾಗಿದೆ.

ಎನ್.ಟಿ.ಪಿ.ಡಿ. ಬಳಸುವ ಅತಿಥಿಗಳಲ್ಲಿ ಮತ್ತೊಂದು ಎಚ್ಚರಿಕೆ ಅಗತ್ಯ. ವ್ಯತ್ಯಾಸವು 1000 ಸೆಕೆಂಡುಗಳನ್ನು ಮೀರಿದರೆ ಆ ತಂತ್ರಾಂಶವು ಗಡಿಯಾರವನ್ನು ತಿದ್ದದೆ ತಾನೇ ಸ್ಥಗಿತಗೊಳ್ಳುತ್ತದೆ. ಅರ್ಧ ಗಂಟೆ ನಿಂತು ಮರಳಿ ಆರಂಭವಾದ ಅತಿಥಿಯಲ್ಲಿ ಇದು ಸದ್ದಿಲ್ಲದೆ ನಡೆದುಹೋಗಿ, ಅಂದಿನಿಂದ ಗಡಿಯಾರಕ್ಕೆ ಹೇಳುವವರು ಕೇಳುವವರು ಇಲ್ಲದಂತಾಗುತ್ತದೆ. ಟಿಂಕರ್ ಪ್ಯಾನಿಕ್ 0 ಎಂಬ ಸೂಚನೆಯಿಂದ ಈ ಮಿತಿಯನ್ನು ತೆಗೆದುಹಾಕಬಹುದು. ಸಂರಚನಾ ಕಡತದಲ್ಲಿ ಸ್ಥಳೀಯ ಗಡಿಯಾರವನ್ನೇ ಮೂಲವೆಂದು ತೋರಿಸುವ 127.127.1.0 ಎಂಬ ಸಾಲನ್ನೂ ಅತಿಥಿಗಳಲ್ಲಿ ಕೈಬಿಡತಕ್ಕದ್ದು. ತಪ್ಪುತ್ತಿರುವ ಗಡಿಯಾರವು ತನ್ನನ್ನೇ ಸಾಕ್ಷಿಯಾಗಿ ಕರೆದಂತಾಗುತ್ತದೆ.

ಒಂದು ಗಡಿಯಾರಕ್ಕೆ ತಿದ್ದುವವರು ಒಬ್ಬರೇ ಇರಬೇಕು. ವಿಎಂವೇರ್ ಟೂಲ್ಸ್‌ನಲ್ಲಿ 60 ಸೆಕೆಂಡಿಗೊಮ್ಮೆ ಆತಿಥೇಯ ಯಂತ್ರದ ವೇಳೆಯೊಡನೆ ಹೋಲಿಸಿ ತಿದ್ದುವ ಸೌಲಭ್ಯವಿದೆ. ಹೈಪರ್-ವಿಯಲ್ಲಿಯೂ ಇಂತಹ ಸೇವೆ ಇದೆ. ಇವು ಮತ್ತು ಎನ್.ಟಿ.ಪಿ. ಎರಡೂ ಏಕಕಾಲದಲ್ಲಿ ನಡೆದರೆ ಒಂದರ ತಿದ್ದುಪಡಿಯನ್ನು ಇನ್ನೊಂದು ದೋಷವೆಂದು ಭಾವಿಸಿ ಮತ್ತೆ ತಿದ್ದುತ್ತದೆ. ಆವರ್ತಕ ಹೊಂದಾಣಿಕೆಯನ್ನು ನಿಲ್ಲಿಸಿದ್ದರೂ, ಯಂತ್ರವನ್ನು ಪುನರಾರಂಭಿಸಿದಾಗ ಅಥವಾ ಸ್ನ್ಯಾಪ್‌ಶಾಟ್‌ಗೆ ಮರಳಿಸಿದಾಗ ವಿಎಂವೇರ್ ಟೂಲ್ಸ್ ಒಮ್ಮೆ ವೇಳೆಯನ್ನು ಹೊಂದಿಸುತ್ತದೆ ಎಂಬುದನ್ನು ಸಿಬ್ಬಂದಿಯು ಗಮನದಲ್ಲಿಡಬೇಕು. ಆತಿಥೇಯ ಯಂತ್ರದ ಗಡಿಯಾರವೇ ತಪ್ಪಾಗಿದ್ದರೆ ಆ ತಪ್ಪು ಅತಿಥಿಗೂ ಬರುತ್ತದೆ.

ವೇಳೆಯ ಮೂಲ

ಭಾರತೀಯ ಕಾಲಮಾನವನ್ನು ನವದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವು ಪರಮಾಣು ಗಡಿಯಾರಗಳ ಮೂಲಕ ಕಾಯ್ದುಕೊಂಡು ಬರುತ್ತಿದೆ. ಎನ್.ಐ.ಸಿ. ಅಥವಾ ಈ ಪ್ರಯೋಗಾಲಯದ ಎನ್.ಟಿ.ಪಿ. ಸರ್ವರ್‌ಗಳೊಡನೆ, ಇಲ್ಲವೇ ಇವುಗಳನ್ನು ಆಧರಿಸಿದ ಸರ್ವರ್‌ಗಳೊಡನೆ ತಮ್ಮ ಗಣಕ ವ್ಯವಸ್ಥೆಗಳ ಗಡಿಯಾರಗಳನ್ನು ಹೊಂದಿಸಬೇಕೆಂದು ಸರ್ಟ್-ಇನ್ ಸಂಸ್ಥೆಯು 28 ಏಪ್ರಿಲ್ 2022ರಂದು ನಿರ್ದೇಶನ ಹೊರಡಿಸಿತು. ಸದರಿ ನಿರ್ದೇಶನವು ಸೇವಾದಾರರು, ದತ್ತಾಂಶ ಕೇಂದ್ರಗಳು ಮತ್ತು ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಇದೇ ನಿರ್ದೇಶನದಲ್ಲಿ ಗಣಕ ವ್ಯವಸ್ಥೆಗಳ ಲಾಗ್ ದಾಖಲೆಗಳನ್ನು 180 ದಿನಗಳ ಕಾಲ ಕಾಯ್ದಿರಿಸಬೇಕೆಂದೂ ತಿಳಿಸಲಾಗಿದೆ.

ತಪ್ಪು ಕಂಡುಬಂದ ಮೇಲೆ ಹಳೆಯ ದಾಖಲೆಗಳ ಬಗ್ಗೆ

ಗಡಿಯಾರವನ್ನು ಸರಿಪಡಿಸಿದ ಮಾತ್ರಕ್ಕೆ ಅದು ತಪ್ಪಾಗಿದ್ದಾಗ ದಾಖಲಾದ ಅರ್ಜಿಗಳ ವೇಳೆ ಸರಿಯಾಗುವುದಿಲ್ಲ. ಆ ದಾಖಲೆಗಳಲ್ಲಿನ ವೇಳೆಯನ್ನು ನೇರವಾಗಿ ಅಳಿಸಿ ತಿದ್ದುವುದು ಸಲ್ಲದು. ಎನ್.ಟಿ.ಪಿ. ತಂತ್ರಾಂಶಗಳು, ಸೂಚನೆ ನೀಡಿದ್ದಲ್ಲಿ, ಯಾವ ಹೊತ್ತಿನಲ್ಲಿ ಗಡಿಯಾರ ಎಷ್ಟು ತಪ್ಪಿತ್ತು ಎಂಬುದನ್ನು ಪ್ರತ್ಯೇಕ ಕಡತದಲ್ಲಿ ಬರೆದಿಡುತ್ತವೆ. ಈ ಕಡತದ ಜೊತೆಗೆ ಪಾವತಿ ವ್ಯವಸ್ಥೆಯ ವೇಳೆಯನ್ನೂ ಜಾಲದ ಇತರ ಯಂತ್ರಗಳ ಲಾಗ್‌ಗಳನ್ನೂ ಹೋಲಿಸಿ ವ್ಯತ್ಯಾಸವನ್ನು ನಿರ್ಧರಿಸಿ, ಮೂಲ ವೇಳೆಯನ್ನು ಉಳಿಸಿಕೊಂಡೇ ಸರಿಯಾದ ವೇಳೆಯನ್ನು ಕಾರಣಸಹಿತ ಟಿಪ್ಪಣಿಯಲ್ಲಿ ದಾಖಲಿಸುವುದು ಸೂಕ್ತ. ಈ ಕಡತ ಇಲ್ಲದಿದ್ದರೆ ಅರ್ಜಿದಾರರ ಮಾತಿಗೂ ಕಚೇರಿಯ ಮಾತಿಗೂ ಆಧಾರವಿರುವುದಿಲ್ಲ. ಎಲ್ಲ ಸರಿಯಿರುವಾಗ ಅದನ್ನು ಯಾರೂ ತೆರೆದು ನೋಡುವುದಿಲ್ಲವೆಂಬ ಕಾರಣಕ್ಕೆ ಸ್ಥಳ ಉಳಿಸಲು ಮೊದಲು ಅಳಿಸಲ್ಪಡುವುದೂ ಇದೇ ಕಡತ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಅರ್ಜಿ ನಮೂನೆಯ ಪುಟದಲ್ಲಿ ಕಾಣುವ ಗಡಿಯಾರವು ಹಲವು ವೇಳೆ ಅರ್ಜಿದಾರರ ಸ್ವಂತ ಗಣಕಯಂತ್ರ ಅಥವಾ ಮೊಬೈಲಿನ ವೇಳೆಯನ್ನೇ ತೋರಿಸುತ್ತದೆ. ಅದನ್ನು ನಂಬಿ ಕೊನೆಯ ನಿಮಿಷದವರೆಗೆ ಕಾಯುವುದು ಸೂಕ್ತವಲ್ಲ. ಸಲ್ಲಿಕೆಯ ನಂತರ ಸ್ವೀಕೃತಿಯನ್ನು ತಕ್ಷಣವೇ ಮುದ್ರಿಸಿಕೊಂಡು ಅಥವಾ ಉಳಿಸಿಕೊಂಡು, ಅದರಲ್ಲಿನ ದಿನಾಂಕ ಮತ್ತು ವೇಳೆಯನ್ನು ಅಲ್ಲಿಯೇ ಪರಿಶೀಲಿಸಬೇಕು. ಸಕಾಲ ವ್ಯಾಪ್ತಿಯ ಸೇವೆಗಳಲ್ಲಿ ಜಿ.ಎಸ್.ಸಿ. ಸಂಖ್ಯೆಯನ್ನು ತಪ್ಪದೆ ಪಡೆಯತಕ್ಕದ್ದು.

ವೇಳೆಯಲ್ಲಿ ವ್ಯತ್ಯಾಸ ಕಂಡುಬಂದಲ್ಲಿ, ಬ್ಯಾಂಕಿನ ಅಥವಾ ಯು.ಪಿ.ಐ. ಪಾವತಿಯ ಸಂದೇಶ, ಒ.ಟಿ.ಪಿ. ಬಂದ ಎಸ್.ಎಂ.ಎಸ್. ಮತ್ತು ದೃಢೀಕರಣದ ಇ-ಮೇಲ್‌ಗಳನ್ನು ಅಳಿಸದೆ ಉಳಿಸಿಕೊಳ್ಳಬೇಕು. ಇವುಗಳ ವೇಳೆಯು ಬೇರೆ ಬೇರೆ ಸಂಸ್ಥೆಗಳ ಯಂತ್ರಗಳಿಂದ ಬಂದಿರುವುದರಿಂದ ಹೋಲಿಕೆಗೆ ಉಪಯುಕ್ತವಾಗಿರುತ್ತವೆ. ಪರದೆಯ ಚಿತ್ರ ತೆಗೆದಿಟ್ಟರೂ ಒಳ್ಳೆಯದು; ಆದರೆ ಅದರಲ್ಲಿನ ವೇಳೆ ಅರ್ಜಿದಾರರ ಸ್ವಂತ ಯಂತ್ರದ್ದಾದ ಕಾರಣ ಅದೊಂದೇ ಸಾಲುವುದಿಲ್ಲ.

ಇವುಗಳ ಪ್ರತಿಗಳೊಡನೆ ಅರ್ಜಿ ಸಂಖ್ಯೆ, ಸಲ್ಲಿಸಿದ ವೇಳೆ ಹಾಗೂ ಸ್ವೀಕೃತಿಯಲ್ಲಿ ನಮೂದಾದ ವೇಳೆಯನ್ನು ತಿಳಿಸಿ, ಸಂಬಂಧಪಟ್ಟ ಕಚೇರಿಗೆ ಲಿಖಿತ ಮನವಿ ಸಲ್ಲಿಸಬೇಕು. ಮನವಿಯಲ್ಲಿ, ಆ ದಿನದ ಸರ್ವರ್ ಗಡಿಯಾರದ ಹೊಂದಾಣಿಕೆಯ ಲಾಗ್ ಪರಿಶೀಲಿಸಬೇಕೆಂದು ಸ್ಪಷ್ಟವಾಗಿ ಕೋರುವುದು ಉತ್ತಮ. ಸರ್ವರ್ ತೊಂದರೆ ಎಂದಷ್ಟೇ ಬರೆದ ಮನವಿಯಿಂದ ಯಾವ ದಾಖಲೆಯನ್ನು ನೋಡಬೇಕೆಂಬುದು ತಾಂತ್ರಿಕ ಸಿಬ್ಬಂದಿಗೆ ತಿಳಿಯುವುದಿಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿಯೂ ಈ ದಾಖಲೆಗಳನ್ನು ಕೋರಬಹುದಾಗಿದ್ದು, ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗಿರುತ್ತದೆ. ಲಾಗ್‌ಗಳನ್ನು ಕಾಯ್ದಿರಿಸುವ ಕಡ್ಡಾಯ ಅವಧಿ 180 ದಿನಗಳಾದ್ದರಿಂದ, ಅರ್ಜಿ ತಿರಸ್ಕೃತವಾದ ಹಿಂಬರಹ ಕೈಸೇರುವವರೆಗೆ ಕಾಯದೆ, ವ್ಯತ್ಯಾಸ ಗಮನಕ್ಕೆ ಬಂದ ವಾರದಲ್ಲಿಯೇ ಮನವಿ ಸಲ್ಲಿಸತಕ್ಕದ್ದು.